ಹೊರನಾಡಿನಲ್ಲಿ ನನ್ನದೊಂದು ಶೀರ್ಷಿಕೆ

ಹುಬ್ಬಳ್ಳಿ ಬಿಟ್ಟದ್ದು

ಇಪ್ಪತ್ತೆರಡು ವರ್ಷ ನಾನು ಮಿರಜವನ್ನು ವಿದೇಶವೆಂದೇ ಎಣಿಸಿದ್ದೆ. ತಪ್ಪು ನನ್ನದಲ್ಲ, ನಮ್ಮ ಪತ್ರಿಕೆಯದು. ಹುಬ್ಬಳ್ಳಿಯಲ್ಲಿ ನಾನು ಉಪಸಂಪಾದಕಿಯಾಗಿದ್ದ ಆ ಪತ್ರಿಕೆಯಲ್ಲಿ ‘ಹೊರನಾಡು’ ಎಂಬ ಪುಟ ವಾರಕ್ಕೆ ಎರಡು ಸಲ ಬರುತ್ತಿತ್ತು. ದುಬೈ ಕನ್ನಡಿಗರ ರಾಜ್ಯೋತ್ಸವ, ಲಂಡನ್ನಿನಲ್ಲಿ ಯಾರದೋ ಮಗಳ ಭರತನಾಟ್ಯ, ಅದರ ಪಕ್ಕದಲ್ಲೇ ಆರಗದಲ್ಲಿ ನೀರಿನ ಪೈಪು ಒಡೆದದ್ದು, ಮಿರಜದ ಕನ್ನಡ ಶಾಲೆಗೆ ಮಾಸ್ತರರಿಲ್ಲದ್ದು. ರಾಜ್ಯದ ಗಡಿ ದಾಟಿದ್ದೆಲ್ಲ ಆ ಒಂದೇ ಪುಟಕ್ಕೆ ಬಂದು ಬೀಳುತ್ತಿತ್ತು. ಪುಟ ನನ್ನ ಸುಪರ್ದಿಯಲ್ಲಿತ್ತು. ಇಷ್ಟಾಗಿಯೂ ನಾನು ದುಬೈಯನ್ನೂ ನೋಡಲಿಲ್ಲ, ಅರ್ಧ ದಿನದ ದಾರಿಯ ಮಿರಜವನ್ನೂ ನೋಡಲಿಲ್ಲ. ನಿವೃತ್ತಳಾಗಿ ಮೂರನೆಯ ವರ್ಷಕ್ಕೆ, ಮೊಣಕಾಲುಗಳು ದೂರು ಹೇಳತೊಡಗಿದ ಮೇಲೆ, ನನ್ನ ಮೊದಲ ವಿದೇಶ ಪ್ರವಾಸ ಕೂಡಿಬಂತು.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಂಗ್ಲಿಯ ಕೆಲವು ವಕೀಲರೂ ಹಳೆಯ ಪತ್ರಕರ್ತರೂ ಸೇರಿ ಗಡಿ ಹಳ್ಳಿಗಳ ವರದಿಗಾರರಿಗೆ ಎರಡು ದಿನದ ಶಿಬಿರ ಇಟ್ಟಿದ್ದರು. ಗಲಾಟೆಯಲ್ಲಿ ಸಿಕ್ಕಿಕೊಂಡರೆ ಹೇಗೆ ಪಾರಾಗಬೇಕು, ಗಾಯವಾದರೆ ಏನು ಕಟ್ಟಬೇಕು, ಫೋನು ಕಸಿದುಕೊಂಡರೆ ಏನು ಮಾಡಬೇಕು, ಮನೆಗೆ ನೋಟಿಸು ಬಂದರೆ ಮೊದಲು ಯಾರ ಬಾಗಿಲು ಬಡಿಯಬೇಕು, ಇಂಥವನ್ನು ಕಲಿಸುವ ಶಿಬಿರ. ಅಲ್ಲಿ ನಾನೂ ಅರ್ಧ ಗಂಟೆ ಮಾತಾಡಬೇಕೆಂದು ಕರೆ ಬಂದಿತ್ತು. ಅದು ಆಮಂತ್ರಣದಲ್ಲಿ ಇದ್ದ ಕಾರಣ. ನಿಜವಾಗಿ ನಾನು ಹೊರಟದ್ದು ಸಿದ್ರಾಮನ ಸಲುವಾಗಿ.

ಸಿದ್ರಾಮ ಕಾಂಬಳೆ ಮಿರಜದ ಹತ್ತಿರದ ಆರಗ ಹಳ್ಳಿಯವನು. ಹಗಲು ಕುಪವಾಡದ ವರ್ಕಶಾಪಿನಲ್ಲಿ ಲೇಥ್ ಮಷೀನಿನ ಮುಂದೆ ನಿಲ್ಲುತ್ತಿದ್ದ, ಉಳಿದ ಹೊತ್ತಿನಲ್ಲಿ ನಮ್ಮ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ. ಹದಿನಾರು ವರ್ಷ ಕಳಿಸಿದ. ಕೊನೆಗೆ ಒಂದು ಸುದ್ದಿ ಅವನ ಕೊರಳಿಗೇ ಬಂತು. ಕುಪವಾಡದ ಒಂದು ಸಣ್ಣ ಕಾರ್ಖಾನೆಯಲ್ಲಿ ಒಂದೇ ತಿಂಗಳಲ್ಲಿ ಇಬ್ಬರು ಕೆಲಸಗಾರರ ಬೆರಳುಗಳು ಪ್ರೆಸ್ ಯಂತ್ರಕ್ಕೆ ಸಿಕ್ಕಿ ತುಂಡಾದವು. ಅದನ್ನು ಬರೆದದ್ದಕ್ಕೆ ಕಾರ್ಖಾನೆಯ ಮಾಲೀಕ ಅವನ ಮೇಲೆ ಮಾನನಷ್ಟದ ಕ್ರಿಮಿನಲ್ ದೂರು ಹಾಕಿದ. ಸೋತರೆ ಜೈಲು. ನಮ್ಮ ಪತ್ರಿಕೆಯವರು, ಈತ ನಮ್ಮ ಸಿಬ್ಬಂದಿಯೇ ಅಲ್ಲ, ಈತ ಕಳಿಸಿದ್ದನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿದ್ದೇವೆ ಎಂದು ಬರೆದುಕೊಟ್ಟು ಕೈತೊಳೆದುಕೊಂಡರು. ಆಗ ನಾನು ಮನೆಯಲ್ಲಿ ಮೊಮ್ಮಗಳಿಗೆ ಕಥೆ ಹೇಳುತ್ತ ಕೂತಿದ್ದೆ. ಇದೊಂದೂ ನನ್ನ ಕಿವಿಗೆ ಬೀಳಲಿಲ್ಲ.

ತಿಂಗಳ ಹಿಂದೆ ಅವನ ವಕೀಲೆ ಅಶ್ವಿನಿ, ಶಿಬಿರದವರಿಂದ ನನ್ನ ನಂಬರು ಇಸಿದುಕೊಂಡು, ಸಾಂಗ್ಲಿಯಿಂದ ಫೋನು ಮಾಡಿದಳು. “ಮಾವಶಿ, ನೀವು ಡೆಸ್ಕ್‌ದಾಗ ಇದ್ದವ್ರು. ಇವ್ನು ಖರೇ ಪತ್ರಕಾರ ಹೌದು ಅಂತ ನೀವು ಒಂದು ಅಫಿಡವಿಟ್ ಕೊಟ್ರ ಬಾಳ ಮೋಠಾ ಆಧಾರ ಆಗ್ತೈತಿ. ಮಾಲಕ ಇವ್ನಿಗೆ ಬೋಗಸ್ ಪತ್ರಕಾರ ಅಂತಾನ.” ಹದಿನಾರು ವರ್ಷ ಓದಿದ ಬರಹ ಬೋಗಸ್ ಹೇಗಾದೀತು? ನನಗೆ ಸಿಟ್ಟು ನೆತ್ತಿಗೇರಿತು. ಮರುದಿನವೇ ಟಿಕೆಟ್ ತೆಗೆಸಿದೆ.

ರೈಲಿನಲ್ಲಿ

ಶೇಡಬಾಳ ದಾಟುವವರೆಗೂ ಕಿಟಕಿಗೆ ಮುಖ ಒತ್ತಿ ಕೂತಿದ್ದೆ. ಗಡಿ ಬಂದಾಗ ಏನಾದರೂ ಗೊತ್ತಾದೀತು ಎಂಬ ಆಸೆ. ಅದೇ ಕಬ್ಬು, ಅದೇ ಕರಿ ಮಣ್ಣು, ಹಳಿಯ ಪಕ್ಕ ಎಮ್ಮೆ ಮೈ ತೊಳೆಯುತ್ತಿದ್ದ ಅದೇ ತರದ ಹೆಂಗಸು. ಎದುರಿನ ಸೀಟಿನ ಮುದುಕ ಕುಡಚಿಯವರೆಗೆ ನನ್ನೊಡನೆ ಕನ್ನಡದಲ್ಲಿ ಮಳೆಯ ವಿಷಯ ಮಾತಾಡಿ, ಆಮೇಲೆ ಹತ್ತಿದ ನೆಂಟನೊಡನೆ ಅದೇ ಮಳೆಯನ್ನು ಮರಾಠಿಯಲ್ಲಿ ಮುಂದುವರಿಸಿದ. ನಡುವೆ ಉಸಿರು ಕೂಡ ತೆಗೆದುಕೊಳ್ಳಲಿಲ್ಲ.

ನನಗೆ ಬಸ್ ಕವರುಗಳು ನೆನಪಾದವು. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಆಗ ಹಳ್ಳಿಯ ವರದಿಗಾರ ಸುದ್ದಿಯನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಮೇಲೆ ‘ತುರ್ತು ಸುದ್ದಿ’ ಎಂದು ದಪ್ಪಗೆ ಬರೆದು ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದ. ಬಸ್ಸು ಬಂದಾಗ ನಮ್ಮ ಆಫೀಸಿನ ಜವಾನ ಹೋಗಿ ಇಸಿದುಕೊಂಡು ಬರುತ್ತಿದ್ದ. ಕಂಡಕ್ಟರರು ಒಬ್ಬರೂ ಬೇಡ ಎಂದದ್ದು ನೆನಪಿಲ್ಲ. ಬಸ್ಸು ಕೆಟ್ಟು ನಿಂತರೆ ಕವರನ್ನು ಹಿಂದಿನ ಬಸ್ಸಿಗೆ ದಾಟಿಸಿ ಕಳಿಸುತ್ತಿದ್ದರು.

ಸಿದ್ರಾಮ ಆಗ ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಅಂಗಡಿಯವರು ಎಸೆದ ಲಕೋಟೆಗಳನ್ನೇ ಮಗುಚಿ ಅಂಟಿಸಿ ಸುದ್ದಿ ಕಳಿಸುತ್ತಿದ್ದ. ಬಿಚ್ಚಿದರೆ ಅರಿಶಿನದ ಪುಡಿ ಮೇಜಿನ ಮೇಲೆ ಉದುರುತ್ತಿತ್ತು. ನನ್ನ ಬಿಳಿ ಸೀರೆಯೊಂದು ಅವನಿಂದಾಗಿಯೇ ಹಾಳಾಯಿತು. ಅಕ್ಷರ ದುಂಡಗಿತ್ತು, ವಾಕ್ಯಗಳು ಮಾತ್ರ ಹಗ್ಗ ಬಿಚ್ಚಿದ ಕರುಗಳು. ನಾನು ಕೆಂಪು ಶಾಯಿಯಲ್ಲಿ ತಿದ್ದಿ, ‘ಮೊದಲ ಸಾಲಿನಲ್ಲೇ ಯಾರು, ಎಲ್ಲಿ, ಯಾವಾಗ ಬರಬೇಕು ತಮ್ಮಾ’ ಎಂದು ಅಂಚಿನಲ್ಲಿ ಬರೆದು, ಅದೇ ಬಸ್ಸಿಗೆ ವಾಪಸು ಕಳಿಸುತ್ತಿದ್ದೆ. ಹಾಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ. ಆ ದಿನಗಳಲ್ಲಿ ನನಗೆ ಅಷ್ಟು ಹುರುಪಿತ್ತು.

ಮಿರಜ ಜಂಕ್ಷನ್

ಇಳಿದು ಫೋನು ಮಾಡಿದೆ. “ಸಿದ್ರಾಮ, ಎಲ್ಲಿದ್ದಿ?”

“ಇಲ್ಲೇ ಅದೇನ್ರಿ ಅಕ್ಕಾರ, ಚಹಾದ ಅಂಗಡಿ ಮುಂದ. ನೀವು?”

“ನಾನೂ ಚಹಾದ ಅಂಗಡಿ ಮುಂದ ಅದೇನಿ. ನೀ ಕಾಣವಲ್ಲಿ.”

“ಅಕ್ಕಾರ, ನಿಮ್ಮ ದನಿ ನನಗ ಫೋನಿನ್ಯಾಗ ಒಮ್ಮೆ, ಬೆನ್ನ ಹಿಂದ ಒಮ್ಮೆ ಕೇಳಾಕತ್ತೈತ್ರಿ. ಸ್ವಲ್ಪ ತಿರಗ್ರಿ.”

ತಿರುಗಿದೆ. ಇಷ್ಟು ವರ್ಷ ನಾನು ಅವನನ್ನು ಎತ್ತರದ, ದಪ್ಪ ಮೀಸೆಯ ಆಳೆಂದು ಕಲ್ಪಿಸಿಕೊಂಡಿದ್ದೆ. ಅಂಥ ಖಡಕ್ ಸುದ್ದಿ ಬರೆಯುವವನು ಮತ್ತೆ ಹೇಗಿರಬೇಕು? ನಿಂತಿದ್ದವನು ನನ್ನ ಭುಜದೆತ್ತರದ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಉಗುರುಗಳ ಸಂದಿಯಲ್ಲಿ ಮಷೀನಿನ ಎಣ್ಣೆಯ ಕಪ್ಪು. ಅವನೂ ನನ್ನನ್ನು ಇನ್ನೇನೋ ಅಂದುಕೊಂಡಿದ್ದನೆಂದು ಕಾಣುತ್ತದೆ. ಬಾಗಿ ಕಾಲು ಮುಟ್ಟುವಾಗ ಎರಡು ಸಲ ನನ್ನ ಮುಖ ನೋಡಿದ.

“ನೀವು ಬಾಳ ದೊಡ್ಡಾಕಿ ಅಂತ ತಿಳ್ಕೊಂಡಿದ್ದೆರಿ,” ಅಂದ.

“ವಯಸ್ಸಿನಾಗೊ, ಗಾತ್ರದಾಗೊ?”

ಅವನು ನನ್ನ ಚೀಲ ಕಸಿದುಕೊಂಡು ಮುಂದೆ ನಡೆದ.

ಮಿರಜದವರ ಒಂದು ಚಾಳಿ ಹೇಳಲೇಬೇಕು. ದಾರಿ ಕೇಳಿದರೆ ಹೇಳುವುದಿಲ್ಲ, ಕರೆದುಕೊಂಡೇ ಹೋಗುತ್ತಾರೆ. ಸಾಂಗ್ಲಿಗೆ ಹೋಗುವ ಆಟೋ ಎಲ್ಲಿ ನಿಲ್ಲುತ್ತದೆಂದು ನಾನು ಹಣ್ಣಿನವಳನ್ನು ಕೇಳಿದ್ದೇ ತಪ್ಪಾಯಿತು. ಅಂಗಡಿಯನ್ನು ಪಕ್ಕದವಳಿಗೆ ಒಪ್ಪಿಸಿ ನಮ್ಮನ್ನು ಆಟೋದ ತನಕ ಮುಟ್ಟಿಸಿ, ನಾನು ಯಾರು, ಎಷ್ಟು ಮಕ್ಕಳು, ಗಂಡ ಹೋಗಿ ಎಷ್ಟು ವರ್ಷವಾಯಿತು ಎಲ್ಲ ತಿಳಿದುಕೊಂಡೇ ಬಿಟ್ಟಳು. ನಮ್ಮ ಹುಬ್ಬಳ್ಳಿಯವರು ಕುಂತಲ್ಲಿಂದಲೇ ಕೈ ತೋರಿಸಿ ತಪ್ಪು ದಾರಿ ಹೇಳುತ್ತಾರೆ. ಇಷ್ಟೆಲ್ಲ ವಿಚಾರಣೆಯಂತೂ ಇರುವುದಿಲ್ಲ.

ಸಾಂಗ್ಲಿ, ಶಿಬಿರದ ಎರಡು ದಿನ

ನನ್ನ ವಸತಿ ಅಶ್ವಿನಿಯ ಮನೆಯಲ್ಲೇ. ಮೂರು ತಲೆಮಾರಿನಿಂದ ಅರಿಶಿನದ ವ್ಯಾಪಾರ ಮಾಡಿಕೊಂಡು ಬಂದ ಲಿಂಗಾಯತರ ಮನೆ. ಅಶ್ವಿನಿಯ ಕನ್ನಡ ಅರ್ಧ ದಾರಿಗೆ ಬಂದು ಮರಾಠಿಗೆ ಹೊರಳುತ್ತದೆ. ಅವಳ ಅಜ್ಜಿಯ ಕನ್ನಡ ಮಾತ್ರ ನನ್ನ ಅಜ್ಜಿಯ ಕನ್ನಡ. ನನ್ನನ್ನು ಕಂಡದ್ದೇ ಆಕೆ ಕೈ ಹಿಡಿದು ಕೂರಿಸಿಕೊಂಡು, “ಕುಂದರ್ರಿ. ನಮ್ಮ ಮನ್ಯಾಗ ದೇವರ ಕೂಡ ಕನ್ನಡ, ಗಿರಾಕಿ ಕೂಡ ಮರಾಠಿ. ಈಗಿನ ಹುಡುಗ್ರು ದೇವರ ಕೂಡಾನೂ ಮಾತಾಡೂದಿಲ್ಲ, ಗಿರಾಕಿ ಕೂಡಾನೂ ಮಾತಾಡೂದಿಲ್ಲ, ಫೋನ್ ಅಷ್ಟ ನೋಡ್ತಾವ,” ಎಂದರು. ಒಂದು ದೊಡ್ಡ ತಾಟಿನ ತುಂಬ ಭಡಂಗ ಬಂತು. ನಮ್ಮ ಗಿರಮಿಟ್ಟಿನ ಅಕ್ಕ ಅನ್ನಬಹುದಾದ ಖಾರದ ಚುರಮುರಿ. ಗಿರಮಿಟ್ಟು ಮೆತ್ತಗೆ, ಇದು ಗರಿಗರಿ. ಎರಡರಲ್ಲಿ ಯಾವುದು ಮೇಲು ಎಂದು ಆಕೆ ಕೇಳಿದಾಗ ನಾನು ಬಾಯಿ ತುಂಬಿಕೊಂಡು ಉತ್ತರ ತಪ್ಪಿಸಿದೆ.

ಶಿಬಿರದಲ್ಲಿ ಇದ್ದವರು ಮೂವತ್ತು ಮಂದಿ. ಅವರಲ್ಲಿ ಬರಿಯ ವರದಿಗಾರ ಎಂಬವನು ಒಬ್ಬನೂ ಇರಲಿಲ್ಲ. ಒಬ್ಬ ಹಾಲಿನ ಡೇರಿಯವನು, ಒಬ್ಬಳು ಅಂಗನವಾಡಿಯವಳು, ಒಬ್ಬ ಮೊಬೈಲ್ ರಿಪೇರಿಯವನು. ಗುರುತಿನ ಚೀಟಿ ಇದ್ದವರು ಕೈ ಎತ್ತಿ ಎಂದಾಗ ನಾಲ್ಕು ಕೈ ಎದ್ದವು. ಅದರಲ್ಲಿ ಒಂದು ಚೀಟಿಯ ಅವಧಿ ಮುಗಿದಿತ್ತು.

ಮೊದಲ ದಿನ ಪ್ರಥಮ ಚಿಕಿತ್ಸೆ. ಕಲ್ಲೇಟು ಬಿದ್ದವರಾಗಿ ಮಲಗಲು ಯಾರಾದರೂ ಬೇಕಿತ್ತು. ವಯಸ್ಸಾದವರೇ ಗಲಾಟೆಯಲ್ಲಿ ಹೆಚ್ಚು ಬೀಳುತ್ತಾರೆಂದು ತರಬೇತಿಯವರು ನನ್ನನ್ನು ಆರಿಸಿದರು. ಜಮಖಾನೆಯ ಮೇಲೆ ಮಲಗಿಸಿ, ತಲೆಗೊಂದು, ಕೈಗೊಂದು, ಕಾಲಿಗೊಂದು ಪಟ್ಟಿ ಸುತ್ತಿದರು. ಡೇರಿಯವನಿಗೆ ಎಮ್ಮೆ ಕಟ್ಟಿ ರೂಢಿ, ಗಂಟು ಬಲವಾಗಿ ಬಿತ್ತು. ಅಷ್ಟರಲ್ಲಿ ಚಹಾ ಬಂತು ಎಂದು ಯಾರೋ ಕೂಗಿದರು. ಮೂವತ್ತು ಮಂದಿಯೂ ಎದ್ದು ಹೋದರು. ಪತ್ರಕರ್ತರ ರಕ್ಷಣೆಯ ಶಿಬಿರದಲ್ಲಿ ಪತ್ರಕರ್ತೆಯಾದ ನಾನೇ ಕೈಕಾಲು ಕಟ್ಟಿಸಿಕೊಂಡು ಫ್ಯಾನು ನೋಡುತ್ತ ಮಲಗಿದ್ದೆ. ಸಿದ್ರಾಮನೊಬ್ಬ ಬಾಗಿಲಿಗೆ ಹೋದವನು ಹಿಂತಿರುಗಿ ಬಂದು ಗಂಟು ಬಿಚ್ಚಿದ.

ಎರಡನೆಯ ದಿನ ನನ್ನ ಮಾತು. ಡೆಸ್ಕಿನ ಕೆಲಸ ಹೇಗೆ ನಡೆಯುತ್ತದೆಂದು ಹೇಳಿದೆ. ಜಂಭದಿಂದಲೇ ಹೇಳಿದೆ, ಮುಚ್ಚುಮರೆ ಯಾಕೆ? ಶೀರ್ಷಿಕೆ ಓದುವವನ ಕೈ ಹಿಡಿದು ನಿಲ್ಲಿಸಬೇಕು, ಸಾಲಿನ ಕೊನೆಯಲ್ಲಿ ಜಾಗ ಖಾಲಿ ಬಿಟ್ಟರೆ ಹಲ್ಲುದುರಿದ ಬಾಯಿಯ ಹಾಗೆ ಕಾಣುತ್ತದೆ, ನನ್ನ ಪುಟದಲ್ಲಿ ಒಂದು ದಿನವೂ ಹಾಗೆ ಬಿಟ್ಟವಳಲ್ಲ ಎಂದೆ. ಎಲ್ಲರೂ ನಕ್ಕರು, ಬರೆದುಕೊಂಡರು. ಸಿದ್ರಾಮ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ನನ್ನ ಬಳಿಕ ಅಶ್ವಿನಿ ಕಾನೂನಿನ ಪಾಠ ಮಾಡಿದಳು. ಕಳಿಸಿದ ಸುದ್ದಿಯ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ನಾಳೆ ಕೋರ್ಟಿನಲ್ಲಿ ನಿಮ್ಮನ್ನು ಕಾಯುವುದು ಅದೊಂದೇ ಎಂದಳು. ಸಿದ್ರಾಮನ ಬಳಿ ಕೇಸು ಬಿದ್ದ ಸುದ್ದಿಯ ಪ್ರತಿ ಇರಲಿಲ್ಲ. ಕೊನೆಯ ವರ್ಷಗಳಲ್ಲಿ ಅವನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದ, ಮುಟ್ಟಿದೆ ಎಂದ ಕೂಡಲೇ ಅಳಿಸುತ್ತಿದ್ದ. ಹಾಗೆ ಅಳಿಸು, ಸುದ್ದಿ ಕೊಟ್ಟವರ ಹೆಸರು ನಿನ್ನ ಫೋನಿನಲ್ಲಿ ಉಳಿಯಬಾರದು ಎಂದು ಹೇಳಿಕೊಟ್ಟವಳು ನಾನೇ. ಅದೂ ರಕ್ಷಣೆಯ ಪಾಠವೇ ಆಗಿತ್ತು. ಅಶ್ವಿನಿಯ ಮಾತು ಕೇಳುತ್ತ ಕೂತವಳಿಗೆ ಕುರ್ಚಿ ಯಾಕೋ ಚುಚ್ಚತೊಡಗಿತು.

ಕುಪವಾಡದ ಮೇಲೆ ಹಾಯ್ದು ಆರಗ

ಮರುದಿನ ಊಟಕ್ಕೆ ತನ್ನ ಮನೆಗೆ ಬರಲೇಬೇಕೆಂದು ಸಿದ್ರಾಮ ಹಟ ಹಿಡಿದ. ಹೋಗುವಾಗ ಕುಪವಾಡದ ಎಂಐಡಿಸಿಯ ಮೇಲೆ ಹಾಯಿಸಿಕೊಂಡು ಹೋದ. ನಮ್ಮ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ತಮ್ಮನಂತಿದೆ. ತಗಡಿನ ಶೆಡ್ಡುಗಳು, ಕಬ್ಬಿಣ ಕೊರೆಯುವ ಸದ್ದು, ಗೇಟಿನಲ್ಲಿ ಡಬ್ಬಿ ಹಿಡಿದು ನಿಂತ ನಮ್ಮ ಕಡೆಯ ಮಂದಿ. ಅಥಣಿ, ಇಂಡಿ, ಜಮಖಂಡಿ, ಎಲ್ಲರ ಮಾತಿನಲ್ಲೂ ಅವರವರ ತಾಲೂಕು ಕೇಳಿಸುತ್ತಿತ್ತು. ಒಂದು ನೀಲಿ ಗೇಟಿನ ಮುಂದೆ ಅವನು ಆಟೋ ನಿಧಾನ ಮಾಡಿಸಿದ.

“ಇದ ರಿ ಆ ಕಾರ್ಖಾನೆ. ಈಗ ಕೈ ಸಿಗದಂಗ ಯಂತ್ರಕ್ಕ ಜಾಳಿಗಿ ಹಾಕ್ಯಾರಂತ. ಸುದ್ದಿ ಬಂದ ಎಂಟ ದಿನಕ್ಕ ಹಾಕಿದ್ರಂತ.”

“ಅಂದ್ರ ನಿನ್ನ ಸುದ್ದಿ ಕೆಲಸ ಮಾಡೇತಿ.”

“ಮಾಡೇತ್ರಿ. ನನ್ನ ಕೆಲಸಾನೂ ತಗದೈತಿ,” ಎಂದು ನಕ್ಕ. ದೂರು ಬಿದ್ದ ತಿಂಗಳಲ್ಲೇ ಅವನಿದ್ದ ವರ್ಕಶಾಪಿನವರು ಅವನನ್ನು ಬಿಡಿಸಿದ್ದರು. ಈಗ ಸಿಕ್ಕಲ್ಲಿ ದಿನಗೂಲಿ. ಕೋರ್ಟಿನ ತಾರೀಖಿನ ದಿನ ಅದೂ ಇಲ್ಲ.

ಆರಗದಲ್ಲಿ ಅವನದು ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಚಿತ್ರ. ಹೆಂಡತಿ ಶೋಭಾ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಪುಂಡಿಪಲ್ಯ, ಶೇಂಗಾ ಹಿಂಡಿ, ಕೆನೆ ಮೊಸರು. ಗಂಡ ಸತ್ತ ಮೇಲೆ ನಾನು ಇಷ್ಟು ರೊಟ್ಟಿ ತಿಂದದ್ದೇ ಇಲ್ಲ. ಸಿದ್ರಾಮ ಎಲೆಯಡಿಕೆ ತರಲು ಹೊರಗೆ ಹೋದಾಗ ಶೋಭಾ ಕೈ ತೊಳೆದುಕೊಂಡು ಬಂದು ಮಂಚದ ಕೆಳಗಿನ ಟ್ರಂಕು ಎಳೆದಳು.

“ನೋಡ್ರಿ ಬಾಯಾರ, ಅವರ ಆಸ್ತಿ.”

ಒಳಗೆ ನನ್ನ ಕೆಂಪು ಶಾಯಿ ಇತ್ತು. ಬಸ್ಸಿನಲ್ಲಿ ವಾಪಸು ಕಳಿಸಿದ ಹಾಳೆಗಳೆಲ್ಲ, ವರ್ಷವಾರು, ದಾರದಲ್ಲಿ ಕಟ್ಟಿಟ್ಟದ್ದು. ಅರಿಶಿನದ ಕಲೆ ಹಾಗೆಯೇ ಇತ್ತು. ‘ವಾಕ್ಯ ಉದ್ದವಾಯಿತು’, ‘ಇದನ್ನು ಯಾರು ಹೇಳಿದರು?’, ‘ಶಾಭಾಸ್ ತಮ್ಮಾ’. ಒಂದು ಹಾಳೆಯ ಅಂಚಿನಲ್ಲಿ ‘ನನ್ನ ಮಗಳ ಮದುವೆ, ಒಂದು ವಾರ ರಜೆ, ನೀನು ಜೋಪಾನ’ ಎಂದು ಬರೆದಿದ್ದೆ. ನಾನು ಹಾಗೆ ಬರೆದದ್ದು ನನಗೆ ಮರೆತೇ ಹೋಗಿತ್ತು. ಆಗ ನನ್ನ ಕೈ ಎಷ್ಟು ಗಟ್ಟಿಯಿತ್ತು, ಅಕ್ಷರ ಒಂದಾದರೂ ನಡುಗಿರಲಿಲ್ಲ. ಆ ಡೆಸ್ಕು, ಆ ಮೇಜು, ಬಸ್ಸು ತಡವಾದಾಗ ಕಿಟಕಿಗೆ ಹೋಗಿ ಹೋಗಿ ಬರುತ್ತಿದ್ದ ನಾನು, ಎಲ್ಲ ಒಮ್ಮೆಲೇ ಬಂದವು. ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ.

ಆಮೇಲೆ ತಲೆ ಓಡಿತು. “ಶೋಭಾ, ಇವನ್ನ ವಕೀಲರಿಗೆ ತೋರಿಸೀರಿ? ಅವ ಪತ್ರಕಾರ ಹೌದು ಅನ್ನಾಕ ಇದಕ್ಕಿಂತ ಸಾಕ್ಷಿ ಏನ ಬೇಕು?”

“ನಾ ಎಷ್ಟು ಸಲ ಹೇಳೇನಿ. ಒಲ್ಲೆ ಅಂತಾರ್ರಿ. ಕಾರಣ ಕೇಳಿದ್ರ ಮಾರಿ ತಿರುವ್ತಾರ.”

ಸಿದ್ರಾಮ ಬಾಗಿಲಲ್ಲಿ ನಿಂತಿದ್ದ. ಹೆಂಡತಿಯನ್ನು ದುರುಗುಟ್ಟಿ ನೋಡಿದ. ಕೇಳಿದರೆ, “ಅವು ಮನಿ ಸಾಮಾನ್ರಿ ಅಕ್ಕಾರ, ಕೋರ್ಟಿಗೆ ಯಾಕ?” ಎಂದು ಟ್ರಂಕನ್ನು ಕಾಲಿನಿಂದ ಒಳಗೆ ತಳ್ಳಿದ. ನಾನು ಬಿಡಲಿಲ್ಲ. ಬೈದು, ಗದರಿಸಿ, ಹತ್ತು ಹಾಳೆ ನನ್ನ ಚೀಲಕ್ಕೆ ಹಾಕಿಕೊಂಡೆ. ಅವನು ಎಲೆಗೆ ಸುಣ್ಣ ಹಚ್ಚುತ್ತ ಕೂತ.

ಸಾಂಗ್ಲಿ, ವಕೀಲರ ಕಚೇರಿ

ಕೊನೆಯ ದಿನ ಬೆಳಿಗ್ಗೆ ಅಫಿಡವಿಟ್. ಕೋರ್ಟಿನ ಹತ್ತಿರದ ಸಣ್ಣ ಕಚೇರಿ, ಎರಡು ಕುರ್ಚಿ, ಒಂದು ಕಂಪ್ಯೂಟರು, ಕಟ್ಟು ಕಟ್ಟು ಫೈಲು. ಸಿದ್ರಾಮ ಗೋಡೆಗೊರಗಿ ನಿಂತಿದ್ದ. ಕೆಂಪು ಶಾಯಿಯ ಹಾಳೆಗಳನ್ನು ನೋಡಿ ಅಶ್ವಿನಿ ಹಿಗ್ಗಿಹೋದಳು. “ಕಾಂಬಳೆ ಭಾವು, ಎರಡು ವರ್ಷ ಇದನ್ನ ಯಾಕ ಲಪವಲಾ? ಯಾಕ ಮುಚ್ಚಿಟ್ರಿ?” ಅವನು ಮುಂದೆ ಬಂದು ಹಾಳೆಗಳ ಅಂಚು ಸರಿಮಾಡಿದ.

ನಂತರ ಅವಳು ದೂರಿನ ಫೈಲು ತೆಗೆದು, ಬಿಳಿ ಹಾಳೆಗೆ ಅಂಟಿಸಿದ್ದ ಪತ್ರಿಕೆಯ ತುಣುಕನ್ನು ನನ್ನ ಮುಂದಿಟ್ಟಳು. ಎರಡು ಕಾಲಮ್ಮಿನ ಸುದ್ದಿ. ಶೀರ್ಷಿಕೆ ಹೀಗಿತ್ತು: ‘ಬೆರಳು ತಿಂದ ಕಾರ್ಖಾನೆ ಮಾಲೀಕ’. ಕೊನೆಯ ಪದದ ಕೆಳಗೆ ಪೆನ್ನಿನಿಂದ ಎರಡು ಗೆರೆ.

“ಮಾವಶಿ, ಸುದ್ದಿ ಒಳಗ ಏನೂ ಚೂಕ ಇಲ್ಲ. ಯಂತ್ರಕ್ಕ ಜಾಳಿಗಿ ಇರಲಿಲ್ಲ, ಇಬ್ಬರ ಬೆರಳು ಹೋದ್ವು, ಎಲ್ಲಾ ಖರೆ. ಮಾಲಕನ ಹೆಸರ ಎಲ್ಲೂ ಕೆಟ್ಟಾಗಿ ಬರದಿಲ್ಲ. ಎಲ್ಲಾ ಗೋಂಧಳ ಈ ಒಂದ ಶಬ್ದದ್ದು. ಮಾಲಕನೇ ಬೆರಳು ತಿಂದ ಅಂತ ಬರದಾರ ಅಂತ ಕೇಸು. ಶೀರ್ಷಕ ಯಾರು ಕೊಟ್ರು ಅಂತ ಇವ್ನಿಗೆ ಮೂರು ಸಲ ಕೇಳೇನಿ. ಗೊತ್ತಿಲ್ಲ ಅಂತಾನ. ಪೇಪರದವ್ರು ಇವ್ನದ ಅಂತಾರ.”

ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಶೀರ್ಷಿಕೆ ಕೊಟ್ಟೆನೋ, ಒಂದೂ ನೆನಪಿರುವುದಿಲ್ಲ. ಇದು ಮಾತ್ರ ನೋಡಿದ ಕೂಡಲೇ ಎದ್ದು ಬಂತು. ನಾನು ನಿವೃತ್ತಳಾಗುವ ಮುಂಚಿನ ಕೊನೆಯ ದಿನಗಳು; ಸಿದ್ರಾಮ ಕೊಟ್ಟದ್ದು ‘ಜಾಳಿಗೆ ಇಲ್ಲದ ಯಂತ್ರ: ಇಬ್ಬರಿಗೆ ಗಾಯ’ ಎಂದು. ಸಪ್ಪೆಯಾಯಿತೆಂದು ನಾನು ‘ಬೆರಳು ತಿಂದ ಕಾರ್ಖಾನೆ’ ಮಾಡಿದೆ. ಎರಡು ಕಾಲಮ್ಮಿಗೆ ಅದು ಸಾಲದೆ ಕೊನೆಯಲ್ಲಿ ಮೂರಕ್ಷರದಷ್ಟು ಜಾಗ ಉಳಿಯಿತು. ಪುಟ ಹೋಗಬೇಕು ಎಂದು ಕೆಳಗಿನಿಂದ ಕೂಗುತ್ತಿದ್ದರು. ಮಾಲೀಕ ಎಂದು ಸೇರಿಸಿದೆ, ಗೆರೆಗೆ ಗೆರೆ ಕೂಡಿತು. ಎಷ್ಟು ಚೆನ್ನಾಗಿ ಕೂತ ಶೀರ್ಷಿಕೆ ಎಂದು ಆ ಹೊತ್ತಿಗೆ ಖುಷಿಪಟ್ಟದ್ದೂ ನೆನಪಾಯಿತು.

“ಅಶ್ವಿನಿ, ಈ ಹೆಡ್ಡಿಂಗ್...”

“ಅಕ್ಕಾರ ಅವತ್ತ ರಜಾದ ಮ್ಯಾಗ ಇದ್ರು,” ಸಿದ್ರಾಮ ನಡುವೆ ಬಾಯಿ ಹಾಕಿದ. “ಅವರಿಗೆ ಇದರ ಬಗ್ಗೆ ಏನೂ ಗೊತ್ತಿಲ್ರಿ. ಬೇರೆ ಯಾರೋ ಇದ್ರು.”

ಟ್ರಂಕು ಮಂಚದ ಕೆಳಗೆ ಯಾಕೆ ಉಳಿಯಿತೆಂದು ಆಗ ತಿಳಿಯಿತು. ಆ ಹಾಳೆಗಳು ಹೊರಗೆ ಬಂದರೆ ತಿದ್ದಿದವರು ಯಾರೆಂಬ ಪ್ರಶ್ನೆ ಬರುತ್ತಿತ್ತು. ಎರಡು ವರ್ಷ ಕೆಲಸ ಕಳೆದುಕೊಂಡು, ತಾರೀಖಿಗೆ ತಾರೀಖು ನಿಂತು, ಇವನು ನನ್ನನ್ನು ಕಾಯುತ್ತಿದ್ದ.

ಅಶ್ವಿನಿ ನಮ್ಮಿಬ್ಬರ ಮುಖವನ್ನೂ ನೋಡಿದಳು. ಪೆನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದಳು. “ಮಾವಶಿ, ವಕೀಲಳಾಗಿ ಮೊದಲ ಹೇಳಿಬಿಡ್ತೇನಿ. ಶೀರ್ಷಕ ನಂದು ಅಂತ ನೀವು ಬರದು ಕೊಟ್ರ ನಿಮ್ಮನ್ನೂ ಆರೋಪಿ ಮಾಡಾಕ ಅವ್ರು ಅರ್ಜಿ ಹಾಕಬಹುದು. ಹುಬ್ಬಳ್ಳಿಯಿಂದ ಪ್ರತಿ ತಾರೀಖಿಗೆ ಬರಬೇಕಾಗ್ತೈತಿ. ಇವ್ನು ಪತ್ರಕಾರ ಹೌದು ಅಂತ ಇಷ್ಟ ಬರದ್ರೂ ನನಗ ಸಾಕು. ನಿಮಗ ಸ್ವತಂತ್ರ ವಕೀಲ ಬೇಕಂದ್ರ ಕೊಡಸ್ತೇನಿ. ವಿಚಾರ ಮಾಡ್ರಿ.”

ಹೊರಗೆ ಬಂದು ಜಗಲಿಯ ಮೇಲೆ ನಿಂತೆ. ಶೂರಳಂತೆ ಬರೆದುಕೊಳ್ಳುವ ಮನಸ್ಸು ನನಗಿಲ್ಲ. ನಾನು ಹೆದರಿದೆ. ಅರವತ್ತೊಂದನೆಯ ವಯಸ್ಸಿನಲ್ಲಿ ಆರೋಪಿಯ ಕಟಕಟೆ, ಅಳಿಯನ ಮುಂದೆ ಏನು ಹೇಳಲಿ, ಮೊಣಕಾಲು ಹಿಡಿದುಕೊಂಡು ತಿಂಗಳು ತಿಂಗಳು ಈ ರೈಲು ಹೇಗೆ ಹತ್ತಲಿ ಎಂದೆಲ್ಲ ಲೆಕ್ಕ ಹಾಕಿದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿದ್ದ ಒಬ್ಬನೇ ಒಬ್ಬ ಸಾಯುವವರೆಗೂ ಹೇಳುವವನಲ್ಲ. ಆ ಕೊನೆಯ ಮಾತು ತಲೆಗೆ ಬಂದಾಗ ನಾಚಿಕೆಯಾಗಿ ಒಳಗೆ ನಡೆದೆ.

“ಬರಕೋ,” ಎಂದೆ. ಅಶ್ವಿನಿ ಟೈಪು ಮಾಡಿದಳು. ಸಿದ್ರಾಮ ಹದಿನಾರು ವರ್ಷ ನಮ್ಮ ವರದಿಗಾರನಾಗಿದ್ದ, ಅವನ ಪ್ರತಿಯೊಂದು ಸುದ್ದಿಯನ್ನೂ ತಿದ್ದಿದವಳು ನಾನು, ಈ ಸುದ್ದಿಯ ಶೀರ್ಷಿಕೆ ಅವನದಲ್ಲ, ನನ್ನದು, ಮಾಲೀಕ ಎಂಬ ಪದ ಸಾಲು ತುಂಬಿಸಲು ನಾನೇ ಹಾಕಿದ್ದು. ಅಚ್ಚಾದ ಹಾಳೆ ನನ್ನ ಕೈಗೆ ಬಂತು. ನಾನು ಸಹಿ ಮಾಡುವ ಮುಂಚೆ ನೀನು ಓದು ಎಂದು ಅದನ್ನು ಸಿದ್ರಾಮನ ಕೈಗೆ ಕೊಟ್ಟೆ. ಥ್ಯಾಂಕ್ಸ್ ಹೇಳುತ್ತಾನೆ, ಇಲ್ಲವೇ ಬೇಡ ಅಕ್ಕಾರ ಎಂದು ಅಳುತ್ತಾನೆ ಎಂದುಕೊಂಡಿದ್ದೆ.

ಅವನು ನಿಧಾನವಾಗಿ, ಬೆರಳಿಟ್ಟು, ಎರಡು ಸಲ ಓದಿದ.

“ಒಂದು ಬಿಟ್ಟೈತ್ರಿ ಅಕ್ಕಾರ.”

“ಏನು?”

“ಹೆಸರು. ಆ ಇಬ್ಬರದು. ನಾ ಸುದ್ದಿಯೊಳಗ ಬರದಿದ್ದೆ, ಹೆಸರು, ವಯಸ್ಸು, ಊರು. ಮೊದಲ ಸಾಲಿನ್ಯಾಗ ಯಾರು ಅಂತ ಬರಬೇಕು ಅಂತ ನೀವ ಕಲಿಸಿದ್ರಿ. ಪೇಪರಿನ್ಯಾಗ ಬರಲಿಲ್ಲ.”

ತುಣುಕನ್ನು ಮತ್ತೆ ನೋಡಿದೆ. ‘ಇಬ್ಬರು ಕಾರ್ಮಿಕರು’ ಎಂದಷ್ಟೇ ಇತ್ತು. ಸುದ್ದಿ ಎರಡು ಸಾಲು ಹೆಚ್ಚಾಗಿತ್ತು, ಜಾಗವಿಲ್ಲವೆಂದು ಕಡಿದಿದ್ದೆ.

“ಮರುದಿನ ಪೇಪರ್ ಹಿಡ್ಕೊಂಡ ಇಬ್ಬರೂ ನನ್ನ ಮನಿಗೆ ಬಂದಿದ್ರು,” ಅವನ ದನಿ ಮೊದಲ ಸಲ ಗಡುಸಾಗಿತ್ತು. “ನಮ್ಮ ಹೆಸರ ಎಲ್ಲೈತಿ ಅಂತ ಕೇಳಿದ್ರು. ಮಾಲಕ ಇವ್ರು ನಮ್ಮ ಕೆಲಸದವ್ರ ಅಲ್ಲ, ಯಾರೋ ಏನೋ ಅಂದುಬಿಟ್ಟಿದ್ದ. ಪರಿಹಾರ ಕೇಳಾಕ ಅವ್ರ ಹತ್ರ ಒಂದು ಚೀಟಿ ಸುದ್ದಾ ಇರಲಿಲ್ಲ. ಪೇಪರಿನ್ಯಾಗ ಹೆಸರಿದ್ರ ಅದನ್ನಾರ ತೋರಸ್ತಿದ್ರು. ಕೇಸಿಂದು ನನಗ ಸಿಟ್ಟಿಲ್ರಿ ಅಕ್ಕಾರ, ಹೆಡ್ಡಿಂಗಿಂದೂ ಇಲ್ಲ. ಇದೊಂದು ಮಾತ್ರ ನಿಮಗ ಹೇಳಬೇಕು ಅಂತ ಎಷ್ಟು ಸಲ ಫೋನ್ ಹಿಡ್ದು ಬಿಟ್ಟೇನಿ.”

ಮೇಲೆ ಉಳಿದ ಜಾಗ ತುಂಬಲು ಒಂದು ಪದ ತಂದು ಹಾಕಿದ ನಾನೇ ಕೆಳಗೆ ಜಾಗವಿಲ್ಲವೆಂದು ಇಬ್ಬರು ಮನುಷ್ಯರನ್ನು ತೆಗೆದುಹಾಕಿದ್ದೆ.

“ಅಫಿಡವಿಟ್‌ದಾಗ ಎಷ್ಟು ಬೇಕಾದ್ರೂ ಬರೀಬಹುದು, ಮಾವಶಿ,” ಅಶ್ವಿನಿ ಹೇಳಿದಳು. “ಅವ್ರು ಸಾಕ್ಷಿ ಹೇಳಾಕ ತಯಾರ ಇದ್ರ ಅವ್ರ ಪರಿಹಾರದ ಅರ್ಜಿನೂ ನಾ ಹಾಕ್ತೇನಿ.”

“ತಯಾರ ಅದಾರ್ರಿ,” ಅಂದ ಸಿದ್ರಾಮ.

ನಾನು ಸಹಿ ಮಾಡದೆ ಆ ಹಾಳೆ ಹರಿದೆ. ಹೊಸ ಕಾಗದ ಎಳೆದುಕೊಂಡು, ಅಶ್ವಿನಿಯ ಪೆನ್ನು ತೆಗೆದುಕೊಂಡು, “ಹೇಳು ತಮ್ಮಾ,” ಎಂದೆ. ಅವನು ಯಾವ ಕಾಗದವನ್ನೂ ನೋಡದೆ ಹೇಳಿದ. ಯಲ್ಲವ್ವ ಹನಮಂತ ಹೊಸಮನಿ, ವಯಸ್ಸು ಮೂವತ್ತೆಂಟು, ಊರು ಅಥಣಿ ತಾಲೂಕು, ಬಲಗೈಯ ಎರಡು ಬೆರಳು. ದಸ್ತಗೀರ ಮೀರಾಸಾಬ ನದಾಫ್, ವಯಸ್ಸು ಇಪ್ಪತ್ತಾರು, ಊರು ಇಂಡಿ ತಾಲೂಕು, ಎಡಗೈಯ ಮೂರು ಬೆರಳು. ನಾನು ಒಂದಕ್ಷರವನ್ನೂ ಕಡಿಯದೆ ಬರೆದುಕೊಂಡೆ.